ಅರ್ಜಿಯ ಮೊದಲ ಸಹಿ

ಸ್ಟ್ರಾಟ್‌ಫರ್ಡಿನ ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ನಿಂತಿದ್ದ ಇಬ್ಬರು ಹೆಂಗಸರು ಕನ್ನಡದಲ್ಲಿ ಮಾತಾಡುತ್ತಿದ್ದರು. ಹಿರಿಯವರು ಧಾರವಾಡದ ಕಡೆಯ ಶಿವಕ್ಕ, ಕಿರಿಯವಳು ಬೆಂಗಳೂರಿನ ವೈದೇಹಿ. ಇಬ್ಬರ ಮನೆಯ ಹಿಂದೆಯೂ ಒಂದೇ ರೈಲು ಹಳಿಯಂತೆ.

“ಗೂಡ್ಸ್ ಗಾಡಿ ಮತ್ತ ಹೆಚ್ಚು ಮಾಡ್ಯಾರ. ಮನಿ ಗ್ವಾಡಿ ನಡಗತಾವ. ಕೌನ್ಸಿಲ್‌ಗೆ ಇನ್ನೊಂದು ಅರ್ಜಿ ಬರೀ ವೈದೇಹಿ.”

“ನಾವು ಮನೆ ಮಾರಿಬಿಟ್ವಿ ಶಿವಕ್ಕ.”

“ಈ ಗದ್ದಲದಾಗ ಯಾರು ತಗೊಂಡ್ರು?”

“ಕೈಗೂಸು ಇರೋರು. ಭಾನುವಾರ ಗಾಡಿ ಕಡಿಮೆ ಅಲ್ವಾ, ಅವತ್ತು ತೋರಿಸಿದ್ವಿ.”

“ಹಂಗಾರ ನಾವೂ ಮಾರತೀವಿ.”

“ನಿಮಗೆ ಕಷ್ಟ. ದೂರು ಕೊಟ್ಟಿದ್ರೆ ಮಾರೋವಾಗ ಕೊಳ್ಳೋರಿಗೆ ಕೊಡೋ ಫಾರ್ಮಲ್ಲಿ ಅದನ್ನ ಬರೀಬೇಕು, ಇಲ್ಲಿನ ಕಾನೂನು. ಅದನ್ನ ಓದಿದ ಮೇಲೆ ಯಾರು ತಗೋತಾರೆ?”

“ಆ ದೂರಿನ ಅರ್ಜಿ ಇಂಗ್ಲಿಷಿನಾಗ ಬರದು ನನ್ನ ಕಡಿಂದ ಮೊದಲ ಸಹಿ ಮಾಡಿಸಿದಾಕಿ ನೀನ ಅಲ್ಲೇನು?”

“ಹೌದು. ಆದ್ರೆ ನಾನು ಸಹಿ ಹಾಕಲಿಲ್ಲ. ನಮ್ಮನೆಯವರು ಬೇಡ ಅಂದ್ರು.”



“ಆ ಕೂಸಿನ ತಾಯಿ ನಾಳೆ ನನ್ನ ಬಾಗಿಲಿಗೆ ಬಂದು ಅತ್ತರ ಏನು ಹೇಳಲಿ?”

“ಯಾವುದಕ್ಕೂ ಸಹಿ ಮಾತ್ರ ಹಾಕಬೇಡ ಅನ್ನಿ.”

“ಅದನ್ನೂ ಇಂಗ್ಲಿಷಿನಾಗ ಬರದು ಕೊಟ್ಟು ಹೋಗವ್ವಾ.”

ಬಸ್ ಬಂತು. ವೈದೇಹಿ ಒಬ್ಬಳೇ ಹತ್ತಿದಳು.