ಟುಕ್ಲಿ ಬಾಬು

ಕೋಲ್ಕತ್ತಾದ ಗರಿಯಾಹಾಟ್‌ನ ಆಟೋ ಸಾಲಿನಲ್ಲಿ, ನನ್ನ ಮುಂದೆ ನಿಂತಿದ್ದ ಇಬ್ಬರು ಹೆಂಗಸರು ಮಂಗಳೂರು ಕಡೆಯ ಕನ್ನಡದಲ್ಲಿ ಮಾತಾಡುತ್ತಿದ್ದರು.

“ನಡೆಯುವಾಗಲೇ ನನಗೆ ಕತೆ ಹುಟ್ಟುವುದು, ಕುಸುಮಕ್ಕ. ವಾಕಿಂಗಲ್ಲಿ ನಾನು ಹೇಳಿದ ಮೂರು ಕತೆಯನ್ನೂ ಜೊತೆಗೆ ನಡೆಯುವ ಜೀವನ್ ಸರ್ ತಮ್ಮ ಹೆಸರಲ್ಲಿ ಕನ್ನಡ ಸಂಘದ ಪತ್ರಿಕೆಗೆ ಕೊಟ್ರು.”

“ನೀನು ಕೇಳ್ಲಿಲ್ವಾ ಕ್ಷಮಾ?”

“ಕೇಳಿದೆ. ‘ನೀವು ಬರೆದಿದ್ದೆಲ್ಲಿದೆ, ತೋರಿಸಿ’ ಅಂದ್ರು.”

“ಮತ್ತೆ ಎಂತ ಮಾಡಿದೆ?”

“ನಿನ್ನೆ ನಡೀತಾ ಅವರಿಗೇ ನಾಲ್ಕನೆಯದು ಹೇಳಿದೆ. ನಾಯಕನ ಹೆಸರು ಟುಕ್ಲಿ ಬಾಬು. ನಾಳೆ ಸಂಘದಲ್ಲಿ ಓದ್ತಾರಂತೆ.”

“ಟುಕ್ಲಿ ಅಂದ್ರೆ ಬಂಗಾಳಿಯಲ್ಲಿ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದಲ್ವಾ ಮಾರಾಯ್ತಿ?”

“ಬೆಂಗಳೂರಿಂದ ಮೊನ್ನೆ ಮೊನ್ನೆ ಬಂದವರಿಗೆ ಎಂತ ಗೊತ್ತು? ಮುದ್ದಿನ ಹೆಸರು ಅಂದೆ, ನಂಬಿದ್ರು.”

“ಸಂಘದ ಮಕ್ಕಳಿಗೆಲ್ಲ ಗೊತ್ತುಂಟು.”

“ಗೊತ್ತಿರ್ಲಿ. ಇನ್ನು ಮೇಲೆ ಅವರನ್ನೇ ಹಾಗೆ ಕರೀಲಿ.”

“ಕತೆಯಲ್ಲಿ ಎಷ್ಟು ಸಲ ಬರ್ತದೆ ಆ ಹೆಸರು?”

“ಪ್ರತಿ ಸಾಲಲ್ಲೂ,” ಎಂದು ಕ್ಷಮಾ ಆಟೋ ಹತ್ತಿದಳು. ಕುಸುಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆಯೇ ಹತ್ತಿದರು.