ಗೂಟ ಹಿಡಿದ ಕೋಲು

ಹಾಳು ಬಾವಿ ಹತ್ತಿರವಾಗುತ್ತಿದ್ದಂತೆ ಸರ್ವೆಯವನ ನಡಿಗೆ ನಿಧಾನವಾಯಿತು.

ನಮ್ಮ ಪಕ್ಕದ ಮನೆಯವನೇ. ಹೆಗಲ ಮೇಲೆ ನೆಲದ ಏರಿಳಿತ ಅಳೆಯುವ ಮೂರು ಕಾಲಿನ ಲೆವೆಲ್ ಯಂತ್ರ. ಹಿಂದೆ ಅವನ ಬಾಮೈದ, ಕೈಯಲ್ಲಿ ಉದ್ದನೆಯ ಅಳತೆಗೋಲು, ಕೋಲಿಗೆ ಕಟ್ಟಿದ ಟಾರ್ಚು. ಇಬ್ಬರೂ ಕತ್ತಲಲ್ಲಿ ಊರಿಗೆ ಮರಳುತ್ತಿದ್ದರು.

ಆ ಬಯಲಿನ ನೆಲ ಎರಡು ಹೋಳು. ನಡುವೆ ಉದ್ದಕ್ಕೂ ಬಿರುಕು. ಒಂದು ಹೋಳು ವರ್ಷಕ್ಕೆ ಉಗುರಿನಷ್ಟು ಜಾರುತ್ತದೆ, ಅಷ್ಟೇ ಕುಸಿಯುತ್ತದೆ. ಸದ್ದಿಲ್ಲ. ಕಣ್ಣಿಗೆ ಕಾಣದು. ಅದಕ್ಕೇ ಸಾಲಾಗಿ ಕಲ್ಲು ನೆಟ್ಟು ಅಳೆಯುತ್ತಾರೆ. ಹಗಲು ಬಿಸಿಲಿಗೆ ಗಾಳಿ ಕುಣಿದು ಕೋಲಿನ ಅಂಕಿ ಓದಲಾಗದು. ರಾತ್ರಿಯೇ ಆಗಬೇಕು. ಇನ್ನು ಉಳಿದದ್ದು ಬಾವಿ ಪಕ್ಕದ ಕಲ್ಲು, ಆಮೇಲೆ ಊರ ಮುಂದಿನದು.

"ಭಾವ... ನಾಳೆ ಮಾಡೋಣ," ಅಂದ ಬಾಮೈದ, ಪಿಸುದನಿಯಲ್ಲಿ.

"ನಿನಗಿಂತ ನಿಮ್ಮಕ್ಕನೇ ವಾಸಿ. ಹೋಗಿ ನಿಲ್ಲು."

ಹೋದ ವರ್ಷ ಅಲ್ಲಿ ಕೋಲು ಹಿಡಿದು ನಿಂತವನು ಗೂಟ. ನಿಲ್ಲಿಸಿದಲ್ಲಿ ಅಲುಗಾಡದೆ ನಿಲ್ಲುತ್ತಿದ್ದ, ಅದಕ್ಕೇ ಆ ಹೆಸರು. ಆ ರಾತ್ರಿ ಅವನು ಹಿಮ್ಮಡಿಯಿಂದ ನೆಲ ಗುದ್ದಿ, ಒಳಗೆ ಪೊಳ್ಳು, ಇಲ್ಲಿ ಬೇಡ ಅಂದಿದ್ದ. ಹೆಂಡತಿ ಸೆರಗಲ್ಲಿ ಅಡಗಿಕೋ ಹೋಗು ಎಂದು ಸರ್ವೆಯವನು ಹಂಗಿಸಿದ. ಗೂಟ ನಿಂತ. ಅಂಚು ಕುಸಿಯಿತು. ತಲೆಕೆಳಗಾಗಿ ಬಿರುಕಿನೊಳಗೆ ಹೋದವನ ಹೆಣವೂ ಸಿಗಲಿಲ್ಲ.

ಕುಡಿದು ಬಿದ್ದ ಎಂದು ಸರ್ವೆಯವನು ಊರಿಗೆಲ್ಲ ಹೇಳಿದ. ಜೀವಮಾನದಲ್ಲಿ ಹನಿ ಮುಟ್ಟದವನು ಗೂಟ. ಅವನ ಹೆಂಡತಿ ವರ್ಷವಿಡೀ ಸರ್ವೆಯವನ ಬಾಗಿಲಿಗೆ ಬಂದಳು. ಪರಿಹಾರ ಕೇಳಲಿಲ್ಲ. ನಾಲ್ಕು ಜನರ ಮುಂದೆ ನಿಜ ಹೇಳು, ಅಷ್ಟೇ ಸಾಕು ಅಂದಳು. ಅವನು ಬಾಗಿಲು ತೆಗೆಯಲಿಲ್ಲ.

ಈಗ ಅವನು ಯಂತ್ರ ಊರಿದ. ಕಾಲುಗಳ ಕಬ್ಬಿಣ ಮಣ್ಣಿಗಿಳಿಯಿತು... ಕರ್ರ್. ತಿರುಪು ತಿರುಗಿತು... ಕಿರಿಕ್, ಕಿರಿಕ್. ದೂರದಲ್ಲಿ, ಬಾವಿ ಪಕ್ಕದಲ್ಲಿ, ಬೆಳಕೊಂದು ಬಂದು ನಿಂತಿತು. ಯಂತ್ರದ ಕೊಳವೆಗೆ ಕಣ್ಣಿಟ್ಟ.

ಅದು ಹಳೇ ಯಂತ್ರ. ಅದರ ಕೊಳವೆಯಲ್ಲಿ ಲೋಕವೆಲ್ಲ ತಲೆಕೆಳಗಾಗಿ ಕಾಣುತ್ತದೆ. ಅಂಕಿಯನ್ನು ಹಾಗೇ ಓದಿ ಅವನಿಗೆ ಅಭ್ಯಾಸ. ಅಂದು ಅಂಕಿ ನೆಟ್ಟಗಿತ್ತು. ಕೋಲು ಹಿಡಿದವನೂ ನೆಟ್ಟಗಿದ್ದ. ತಲೆ ಮೇಲೆ, ಕಾಲು ಕೆಳಗೆ.

ಅಂದರೆ ಅಲ್ಲಿ, ಕಲ್ಲಿನ ಮೇಲೆ, ಅವನು ತಲೆಕೆಳಗಾಗಿ ನಿಂತಿದ್ದ.

ಸರ್ವೆಯವನ ಕಿವಿಯ ಹತ್ತಿರ ಉಸಿರು.

"ಭಾವ... ನಾನು ಹೋಗಿಲ್ಲ. ಕೋಲು ಇಲ್ಲೇ ಇದೆ."

ಬಾಮೈದ ಬೆನ್ನ ಹಿಂದೆಯೇ ಇದ್ದ. ಕೋಲನ್ನು ತಬ್ಬಿಕೊಂಡಿದ್ದ.

ಅಂಕಿ ಸಿಕ್ಕಿದರೆ ಕೂಗಿ ಹೇಳುವುದು ಹಳೆಯ ರೂಢಿ. ಸರ್ವೆಯವನ ಬಾಯಿ ತಾನಾಗಿ ಆಡಿತು.

"ಆಯ್ತು..."

ಆ ಕೆಲಸದ ಕ್ರಮ ಹೀಗೆ. ಆಯ್ತು ಎಂದ ಮೇಲೆ ಕೋಲಿನವನು ಕದಲಬಾರದು. ಯಂತ್ರದವನೇ ಯಂತ್ರ ಹೊತ್ತು, ಅವನಿದ್ದಲ್ಲಿಗೆ ಬಂದು, ಅವನನ್ನು ದಾಟಿ ಮುಂದೆ ಹೋಗಬೇಕು.

ಬೆಳಕು ಕದಲಲಿಲ್ಲ. ಕಾಯುತ್ತಿತ್ತು.

ಸರ್ವೆಯವನು ಯಂತ್ರವನ್ನು ಹೆಗಲಿಗೇರಿಸಿದ. ಬಾಮೈದ ಅವನ ಅಂಗಿ ಹಿಡಿದೆಳೆದ. ಅಂಗಿ ಹರಿಯಿತು... ಪರ್ರ್.

"ನಾನು ನಡೀತಿಲ್ಲ ಕಣೋ," ಅಂದ ಸರ್ವೆಯವನು, ನಡೆಯುತ್ತಲೇ.

ಕಲ್ಲಿನ ಹತ್ತಿರ ಹೋದದ್ದೇ ಬೆಳಕು ಆರಿತು. ಸರ್ರ್... ಅಂತ ಮಣ್ಣು ಜಾರಿತು. ಸರ್ವೆಯವನು ಎದೆಮಟ್ಟ ಬಿರುಕಿನೊಳಗೆ ಹೂತುಹೋದ.

ಬಾಮೈದ ಎದ್ದೆನೋ ಬಿದ್ದೆನೋ ಎಂದು ಓಡಿದ. ದೀಪ ಕಂಡ ಮೊದಲ ಮನೆ ಗೂಟನದು. ಗೂಟನ ಹೆಂಡತಿ ಹಗ್ಗ ತೆಗೆದುಕೊಂಡಳು. ಅವಳ ಪಕ್ಕದ ಮನೆಯ ಅಣ್ಣತಮ್ಮಂದಿರಿಬ್ಬರು ಲಾಟೀನು ಹಿಡಿದು ಬಾಮೈದನ ಜೊತೆ ಬಂದರು.

ಅವಳು ಹಗ್ಗ ಎಸೆಯಲಿಲ್ಲ. ಅಂಚಿನಲ್ಲಿ ಕೂತು ಕೇಳಿದಳು.

"ಅವರು ಕುಡಿದಿದ್ರಾ?"

ಮಣ್ಣು ಇನ್ನೊಂದಿಷ್ಟು ಇಳಿಯಿತು... ಭುಜದವರೆಗೆ ಬಂತು.

"ಇಲ್ಲಮ್ಮ. ಅವನು ಬೇಡ ಅಂದ. ನಾನೇ ನಿಲ್ಲಿಸ್ದೆ."

ನಾಲ್ಕೂ ಜನ ಕೇಳಿಸಿಕೊಂಡರು. ಆಮೇಲೆ ಅವಳು ಹಗ್ಗ ಎಸೆದಳು. ಎಲ್ಲರೂ ಸೇರಿ ಎಳೆದರು. ಹಗ್ಗ ಕಿರ್ರ್ ಅಂದಿತು. ಆಳು ಮೇಲೆ ಬರಲಿಲ್ಲ.

"ತಂಗೀ... ಕಾಲು ಬಿಡು ಅಂತ ಅವನಿಗೆ ಹೇಳಮ್ಮ. ನಿನ್ನ ಮಾತು ಕೇಳ್ತಾನೆ."

ಅವಳು ಬಿರುಕಿನ ಮೇಲೆ ಬಾಗಿದಳು. ಒಳಗೆ ನೋಡಿದಳು. ಬಾಯಿ ತೆರೆದಳು... ಮುಚ್ಚಿದಳು. ಸೆರಗು ಹೊದ್ದು, ಹಿಂದೆ ಸರಿದು ಕೂತಳು.

ಹಗ್ಗ ಹಗುರಾಯಿತು.

ಬಾಮೈದ ಇನ್ನೂ ಇದ್ದಾನೆ, ಆ ಅಣ್ಣತಮ್ಮಂದಿರೂ ಇದ್ದಾರೆ. ಬೇಕಾದರೆ ಅವರನ್ನೇ ಕೇಳಿ. ಬಿರುಕು ಬಯಲಿನುದ್ದಕ್ಕೂ ಈಗಲೂ ಆಳು ತೂರುವಷ್ಟು ತೆರೆದೇ ಇದೆ. ಬಾವಿ ಪಕ್ಕದಲ್ಲಿ ಮಾತ್ರ ಮುಚ್ಚಿಕೊಂಡಿದೆ. ಅಲ್ಲಿ ಚಾಕುವಿನ ಅಲಗೂ ಇಳಿಯುವುದಿಲ್ಲ. ನಾನೇ ಇಳಿಸಿ ನೋಡಿದ್ದೇನೆ.