ಕೆನ್ನೆಯಿಂದ ಊದಬೇಡ

"ಹಲೋ... ಯಾರು ಮಾತಾಡ್ತಿರೋದು?... ಹಲೋ? ಯಾರ್ರೀ ಅದು? ಫೋನ್ ಮಾಡಿ ಬಾಯಿ ಮುಚ್ಕೊಂಡಿದ್ರೆ ನಾನೇನು ಕಣಿ ಹೇಳ್ಲಾ?..."

ಅಕ್ಕಸಾಲಿಗೆ ಮೂಗಿನ ತುದಿಯಲ್ಲೇ ಕೋಪ. ಫೋನ್ ಇಟ್ಟೇಬಿಡುತ್ತಿದ್ದ, ಅಷ್ಟರಲ್ಲಿ ಆ ಕಡೆಯಿಂದ ಸುಯ್ಯೆಂದು ಎಳೆದೆಳೆದು ಬಿಡುವ ಉಸಿರು ಕೇಳಿಸಿತು. ತನ್ನ ಎದೆಯಲ್ಲೂ ಅದೇ ಉಬ್ಬಸದ ರೋಗ ಮನೆ ಮಾಡಿತ್ತು. ತಮ್ಮನೂ ತನ್ನ ಜೊತೆ ಒಂದೇ ಕುಲುಮೆಯ ಹೊಗೆ ಕುಡಿದವನು. ಆಮೇಲೆ ಎದುರಿಗೇ ಬೇರೆ ಅಂಗಡಿ ಹಾಕಿ ಮಾತು ಬಿಟ್ಟವನು.

"ನೀನಾ?... ಅಣ್ಣ ಇದ್ದಾನಾ ಸತ್ತಾನಾ ಅಂತ ಒಂದಿನ ಕೇಳ್ದೋನಲ್ಲ, ಇವತ್ತು ನೆನಪಾಯ್ತಾ?... ಮಾತಾಡೋ!... ಬೇಡ, ಬೇಡ, ಮಾತಾಡ್ಬೇಡ. ಹೌದು ಅಂದ್ರೆ ಮೇಜು ಒಂದ್ಸಲ ತಟ್ಟು, ಇಲ್ಲ ಅಂದ್ರೆ ಎರಡು ಸಲ. ಮನೇಲಿ ಯಾರಾದ್ರೂ ಇದ್ದಾರಾ?..."

"ಇಲ್ವಾ? ನಿನ್ನ ನಾಲಿಗೆಗೆ ಯಾರು ನಿಲ್ತಾರೆ ಬಿಡು... ಇನ್ಹೇಲರ್ ತಗೊಂಡ್ಯಾ?... ಹಾಂ. ಆಂಬುಲೆನ್ಸಿಗೆ ಹೇಳಿದ್ಯಾ?... ಸದ್ಯ, ಅಷ್ಟಾದ್ರೂ ಬುದ್ಧಿ ಇದೆ. ನಿಂತ್ಕೊಂಡಿದ್ದೀಯಾ?... ಕೂತ್ಕೊಳೋ ಪೆದ್ದ! ಮುಂದಕ್ಕೆ ಬಾಗು. ಮೊಣಕೈ ಮೇಜಿನ ಮೇಲೆ ಊರು, ಹೆಗಲು ಸಡಿಲ ಬಿಡು..."

"ಮೂಗಲ್ಲಿ ಮೆಲ್ಲಗೆ ಎಳ್ಕೋ. ಈಗ ತುಟಿ ಕಿರಿದು ಮಾಡಿ ಬಿಡು, ಎಳ್ಕೊಂಡಿದ್ದಕ್ಕಿಂತ ನಿಧಾನವಾಗಿ... ಥೂ, ಹಾಗಲ್ಲ! ಕೆನ್ನೆ ಉಬ್ಬಿಸ್ತಿದ್ದೀಯ, ಅಲ್ವಾ? ಇದೇನು ಬೆಸುಗೆ ಹಾಕೋ ಕೆಲಸನಾ? ಊದುಗೊಳವೆ ಕಚ್ಚಿ ಕಚ್ಚಿ ಕೆನ್ನೇಲೇ ಊದೋ ಚಾಳಿ ನಮ್ಮದು. ಉರಿಗೆ ಅದು ಸರಿ, ಆದ್ರೆ ಎದೇಲಿ ಸಿಕ್ಕಿದ ಗಾಳಿ ಹೊರಗೆ ಹೋಗಲ್ಲ. ನಾನೂ ಹಾಗೇ ಮಾಡ್ತಿದ್ದೆ, ಆಸ್ಪತ್ರೆ ಹುಡುಗಿ ಕೆನ್ನೆ ಹಿಂಡಿ ಆ ಚಾಳಿ ಬಿಡಿಸಿದ್ಲು... ನಗ್ತಿದ್ದೀಯಾ? ನಗಬೇಡ! ಬೆರಳಲ್ಲಿ ಕೆನ್ನೆ ಒತ್ಕೋ. ಎದೆಯಿಂದ ಬಿಡು..."

"ಹಾಂ. ಹಾಗೆ... ಇನ್ನೊಂದು... ನಿಲ್ಲಿಸಿದ್ರೆ ಬಂದು ಒದೀತೀನಿ... ಇನ್ನೊಂದು..."

ತಮ್ಮನ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ, ಆದರೆ ಇವನು ಸತ್ತುಹೋದರೆ ಎಂಬ ಭಯ ಸಿಟ್ಟನ್ನು ಮೀರಿ ಬೆಳೆದಿತ್ತು. ಆ ಕಡೆ ಸುಯ್ಗುಟ್ಟುವುದು ಮೆಲ್ಲಮೆಲ್ಲನೆ ಕಡಿಮೆಯಾಯಿತು.

"ಏನಂದೆ?... ನಿನ್ನ ಗಿರಾಕಿಗಳನ್ನ ನಾನು ಕದ್ದೆನಾ? ನಾನಾ? ಎರಡು ಉಸಿರು ಬಂದಿದ್ದೇ ತಡ, ಬೈಗುಳ ಶುರುನಾ?... ಬೈಯೋ, ಬೈಯಿ. ನಿಲ್ಲಿಸ್ಬೇಡ. ನೀನು ಬೈತಿದ್ರೆ ನನಗೆ ಧೈರ್ಯ... ಯಾರು, ಬಾಗಿಲಲ್ಲಿ? ಆಂಬುಲೆನ್ಸಿನವರೇ ಬಂದ್ರಾ? ಮೆಲ್ಲಗೆ ಹೋಗಿ ತೆಗಿ, ಓಡ್ಬೇಡ... ನಾನೂ ಆಸ್ಪತ್ರೆಗೆ ಬರ್ತೀನಿ... ನನ್ನ ಮುಖ ನೋಡಲ್ವಾ? ನೋಡ್ಬೇಡ, ಗೋಡೆ ಕಡೆ ತಿರುಗಿ ಮಲ್ಕೋ, ನಾನು ಬೆನ್ನಿಗೇ ಬೈತೀನಿ... ಹಲೋ?... ಲೋ, ಕೆನ್ನೆ..."

ಫೋನ್ ಕಟ್ಟಾಯಿತು.